ಕಟ್ಟಿಗೆ ಹೊತ್ತವಳು ತಿರುಗಿ ನೋಡಿದ್ದು

ಶಿರಸಿಯಲ್ಲಿ ನಾನು ಕೆಲಸ ಮಾಡುವ ಪ್ರೆಸ್ಸಿಗೆ ಬಂದವರಲ್ಲಿ ನನ್ನ ಅಣಕಕ್ಕೆ ಸಿಕ್ಕದೆ ಪಾರಾದವರು ಕಡಿಮೆ. ಮದುವೆ ಕಾರ್ಡಿನಲ್ಲಿ ತನ್ನ ಹೆಸರು ಅಣ್ಣನ ಹೆಸರಿಗಿಂತ ಕೂದಲೆಳೆಯಷ್ಟು ದಪ್ಪ ಇರಲಿ ಎಂದು ಗುಟ್ಟಾಗಿ ಹೇಳುವ ಚಿಕ್ಕಪ್ಪ, ಶ್ರದ್ಧಾಂಜಲಿಗೆ ಸತ್ತವರ ಮದುವೆ ಫೋಟೋ ತಂದು ಪಕ್ಕದಲ್ಲಿದ್ದ ಹೆಂಡತಿಯನ್ನು ಮಾತ್ರ ತೆಗೆದುಬಿಡಿ ಎನ್ನುವ ಮಗ, ಎಲ್ಲರೂ ಬಾಗಿಲು ದಾಟುವುದರೊಳಗೆ ನನ್ನ ಬಾಯಲ್ಲಿ ಬಂದು ಕೂತಿರುತ್ತಾರೆ. ಪ್ರೆಸ್ಸಿನ ಮಾಲೀಕರಾದ ಸಾಹೇಬರನ್ನಂತೂ ಅವರ ಎದುರಿಗೇ ಮಾಡಿ ತೋರಿಸುತ್ತೇನೆ. ಎಲೆಯಡಿಕೆಯ ಕವಳವನ್ನು ಎಡಗೆನ್ನೆಗೆ ಒತ್ತಿಕೊಂಡು, ಮೆಷಿನ್ ಸದ್ದಿಗಿಂತ ಒಂದು ಮೆಟ್ಟಿಲು ಮೇಲೆ ಕೂಗಿದರೆ ಸಾಹೇಬರು ಆದರು. ಅವರು ನಕ್ಕು, ‘ಅರೆ, ನಾನು ಮಾತಾಡೂ ಹೊತ್ತಿಗೆ ನೀನು ಬಾಯಿ ಮುಚ್ಕೊ, ನೀನು ಮಾತಾಡೂ ಹೊತ್ತಿಗೆ ನಾನು ಮುಚ್ತೇನೆ. ಇಬ್ರು ಸಾಹೇಬ್ರನ್ನ ಈ ಅಂಗಡಿ ತಡಿಯೂದಿಲ್ಲ’ ಎನ್ನುತ್ತಾರೆ.

ನಾನು ಸಿದ್ದಿ. ನಮ್ಮ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದರು, ಮಾರಿದರು; ತಪ್ಪಿಸಿಕೊಂಡವರು ಯಲ್ಲಾಪುರದ ಕಾಡು ಸೇರಿದರು. ಇಷ್ಟನ್ನು ನಾನು ಎರಡು ಬಸ್ಸಿಗೊಮ್ಮೆಯಾದರೂ ಪಕ್ಕದ ಸೀಟಿನವರಿಗೆ ವಿವರಿಸಬೇಕಾಗುತ್ತದೆ. ಹುಬ್ಬಳ್ಳಿಯಲ್ಲಿ ಇಳಿದರೆ ಕೆಲವರು ಇಂಗ್ಲಿಷಿನಲ್ಲೇ ಯಾವ ದೇಶ ಎಂದು ಕೇಳುತ್ತಾರೆ. ಇಡಗುಂದಿ ಎನ್ನುತ್ತೇನೆ. ಅದು ಎಲ್ಲಿದೆ ಎಂದರೆ, ಅರಬೈಲ್ ಘಟ್ಟಕ್ಕಿಂತ ಸ್ವಲ್ಪ ಈಚೆ, ಪಾಸ್‌ಪೋರ್ಟ್ ಬೇಡ, ಟೆಂಪೋ ಸಾಕು ಎನ್ನುತ್ತೇನೆ.

ಮಿಮಿಕ್ರಿಯಿಂದ ಊರೂರು ನೋಡಿದೆ. ಕಾಲೇಜಿನ ಗ್ಯಾದರಿಂಗ್, ಸಂಘದ ವಾರ್ಷಿಕೋತ್ಸವ, ಮದುವೆ ಮನೆಯ ಊಟದ ಮುಂಚಿನ ಖಾಲಿ ಹೊತ್ತು, ಎಲ್ಲ ಕಡೆಯೂ ಕೊನೆಗೆ ಒಂದೇ ಬೇಡಿಕೆ ಬರುತ್ತಿತ್ತು: ‘ಈಗ ನಿಮ್ಮೋರದ್ದು ಒಂದು ಮಾಡು.’ ಅದಕ್ಕೆಂದೇ ನನ್ನ ಹತ್ತಿರ ಒಂದು ಐಟಂ ಇತ್ತು. ಒಬ್ಬ ಮುದುಕ ಸಿದ್ದಿ ಜೀವನದಲ್ಲಿ ಮೊದಲ ಸಲ ಬಸ್ ಹತ್ತುತ್ತಾನೆ. ಡ್ರೈವರ್ ತಲೆ ಮೇಲಿನ ಕನ್ನಡಿಯಲ್ಲಿ ತನ್ನದೇ ಮುಖ ಕಂಡು ಹೌಹಾರಿ, ಕಂಡಕ್ಟರನ ಕಾಲು ಹಿಡಿದು, ‘ಒಡೆಯಾ, ಈ ಕರಡಿಗೂ ಟಿಕೇಟ್ ತಗೀಬೇಕಾ?’ ಎಂದು ಕೇಳುತ್ತಾನೆ. ಅಷ್ಟೇ. ಒರಟು ದನಿ, ನಾಲಗೆ ದಪ್ಪ ಮಾಡಿ ಒಡೆದ ಕನ್ನಡ, ಬಾಗಿದ ಬೆನ್ನು. ಜನ ಬಿದ್ದು ಬಿದ್ದು ನಗುತ್ತಿದ್ದರು. ಅಂಥ ಮುದುಕನನ್ನು ನಾನು ಎಲ್ಲೂ ಕಂಡದ್ದಿಲ್ಲ. ನನ್ನ ಅಜ್ಜ ಮರದ ಲಾರಿಯಲ್ಲಿ ಕ್ಲೀನರ್ ಆಗಿ ಬೆಳಗಾವಿವರೆಗೆ ಹೋಗಿ ಬಂದವನು, ಬಸ್ಸಿಗೆ ಹೆದರುವ ಪೈಕಿಯಲ್ಲ. ಆದರೆ ಲಾರಿಯಲ್ಲಿ ಬೆಳಗಾವಿಗೆ ಹೋಗಿ ಬಂದ ಅಜ್ಜನಿಗೆ ಯಾರು ಚಪ್ಪಾಳೆ ಹೊಡೆಯುತ್ತಾರೆ?

ನನ್ನ ಚಿಕ್ಕಮ್ಮನ ಮಗಳು ಇಡಗುಂದಿ ಕಡೆಯ ನಮ್ಮ ಕೇರಿಯಿಂದ ಪಿಯುಸಿಗೆ ಹೋದ ಮೊದಲ ಹುಡುಗಿ. ಎರಡನೇ ವರ್ಷದಲ್ಲಿದ್ದಳು. ನನಗಿಂತ ಆರು ವರ್ಷಕ್ಕೆ ಚಿಕ್ಕವಳು, ಮಾತಿನಲ್ಲಿ ಆರು ವರ್ಷಕ್ಕೆ ದೊಡ್ಡವಳು. ನಾನು ಅವಳನ್ನು ಅಣಕಿಸಲು ಹೋದರೆ, ‘ಅಣ್ಣಾ, ನಿನ್ನ ದನಿ ಯಾವ್ದು ಅಂತ ಮೊದ್ಲು ಹುಡ್ಕು, ಆಮೇಲೆ ನನ್ನ ದನಿಗೆ ಬಾ’ ಎನ್ನುತ್ತಿದ್ದಳು. ಒಂದು ದಿನ ಚಿಕ್ಕಮ್ಮ ಪ್ರೆಸ್ಸಿಗೆ ಫೋನ್ ಮಾಡಿದಳು. ಹುಡುಗಿ ಹದಿನೈದು ದಿನದಿಂದ ಕಾಲೇಜಿಗೆ ಹೋಗುತ್ತಿಲ್ಲ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಗದ ಬಂದಿದೆ. ‘ನೀನು ಬಂದು ಹೇಳು. ನಿನ್ ಮಾತು ಊರೆಲ್ಲ ಕೇಳ್ತದ್ಯಂತೆ, ಅವಳೊಬ್ಳು ಕೇಳೂದಿಲ್ವಾ?’

ಭಾನುವಾರ ಹೋದೆ. ತಂಗಿ ಹಿತ್ತಲಲ್ಲಿ ಕೂತು ಮುತ್ತುಗದ ಎಲೆ ಹಚ್ಚುತ್ತಿದ್ದಳು. ನಾನು ಅವಳ ಪ್ರಿನ್ಸಿಪಾಲರ ದನಿಯಲ್ಲಿ ಗದರಿಸಿದೆ. ನಗಲಿಲ್ಲ. ಚಿಕ್ಕಮ್ಮನ ದನಿಯಲ್ಲಿ ಗೋಳಾಡಿದೆ. ಅದಕ್ಕೂ ಇಲ್ಲ. ಕೊನೆಗೆ ಬೇರೆ ಉಪಾಯ ಕಾಣದೆ ಸುಮ್ಮನೆ ಪಕ್ಕದಲ್ಲಿ ಕೂತೆ. ನಮ್ಮ ಮನೆಮಾತು ಕೊಂಕಣಿ ಬೆರೆತದ್ದು. ಕಾಲೇಜಿನ ವಿಷಯವನ್ನು ಮಾತ್ರ ಅವಳು ಕನ್ನಡದಲ್ಲೇ ಹೇಳಿದಳು.

ಅವಳ ತರಗತಿಯಲ್ಲಿ ಕನ್ನಡದ ಸರ್ ಒಂದು ಹಳೆಯ ದೊಡ್ಡ ಕಾದಂಬರಿಯನ್ನು ಓದಿಸುತ್ತಿದ್ದರು. ಬೆಂಚಿನ ಕ್ರಮದಲ್ಲಿ ಒಬ್ಬೊಬ್ಬರು ಒಂದೊಂದು ಪುಟ ಜೋರಾಗಿ ಓದಬೇಕು. ಕಾದಂಬರಿಯ ಹೆಸರು ಹೇಳುವುದಿಲ್ಲ. ನಮ್ಮ ಕಡೆಯ ಓದಿದ ಮನೆಗಳಲ್ಲಿ ಅದಕ್ಕೆ ಬೈಂಡ್ ಹಾಕಿಸಿ ಇಟ್ಟಿರುತ್ತಾರೆ, ನನಗೂ ಅದರ ಮೇಲೆ ಪ್ರೀತಿಯೇ. ದೊಡ್ಡ ಮನೆ, ಒಳ್ಳೆಯ ಯಜಮಾನ, ಪುಟಗಟ್ಟಲೆ ತೆರೆದುಕೊಳ್ಳುವ ಅವನ ಮನಸ್ಸು. ಅದರಲ್ಲಿ ಒಬ್ಬ ಸಿದ್ದಿ ಹೆಂಗಸು ಮೂರು ಸಲ ಬರುತ್ತಾಳೆ. ಎರಡು ಸಲ ಕೆಲಸ ಮಾಡುತ್ತಾಳೆ. ಒಂದು ಸಲ ಕಟ್ಟಿಗೆ ಹೊರೆ ಹೊತ್ತು ಅಂಗಳಕ್ಕೆ ಬಂದಾಗ ಪೇಟೆಯಿಂದ ಬಂದ ಮೊಮ್ಮಗು ಅವಳ ಕಪ್ಪು ಮುಖ ಕಂಡು ಕಿಟ್ಟನೆ ಕಿರುಚುತ್ತದೆ, ಮನೆಯವರೆಲ್ಲ ನಗುತ್ತಾರೆ. ಬರೆದವರೂ ನಕ್ಕಂತೆಯೇ ಕಾಣುತ್ತದೆ. ಮುಂದಿನ ಸಾಲಿನಲ್ಲಿ ಕಾಫಿ ಬರುತ್ತದೆ. ಕಟ್ಟಿಗೆ ಎಲ್ಲಿ ಇಳಿಸಿದಳು ಎಂದು ಕೂಡ ಬರೆದಿಲ್ಲ.

‘ಆ ಪುಟ ಯಾರ ಪಾಲಿಗೆ ಬಂತು?’ ಎಂದೆ.

‘ನಂಗಲ್ಲ. ಮುಂದಿನ ಬೆಂಚಿನೋಳಿಗೆ. ಓದಿ ಮುಗ್ಸಿದ್ಲು. ಕ್ಲಾಸು ಪೂರ್ತಿ ತಿರುಗಿ ನನ್ನ ನೋಡ್ತು.’

‘ನೋಡ್ಲಿ ಬಿಡು. ನೋಡಿದ್ರೆ ಬಣ್ಣ ಹೋಗ್ತದ್ಯಾ?’

‘ಮರುದಿನ ನಾ ಕ್ಲಾಸಿಗೆ ಹೋಗೂವಾಗ ಹುಡುಗ್ರ ಬದಿಯ ಹಿಂದಿನ ಬೆಂಚಿನೋವ್ರು ಒಂದು ಮಾತು ಹೇಳಿದ್ರು. ಅದ್ರ ಮರುದಿನವೂ. ದಿನಾ ಅದೇ ಮಾತು, ಅದೇ ದನಿಲಿ.’

‘ಎಂತ ಮಾತು? ಯಾರವ? ಹೆಸರು ಹೇಳು, ನಾ ನೋಡ್ಕಳ್ತೆ.’

ಅವಳು ಎಲೆಗೆ ಕಡ್ಡಿ ಚುಚ್ಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ‘ಒಡೆಯಾ, ಈ ಕರಡಿಗೂ ಟಿಕೇಟ್ ತಗೀಬೇಕಾ?’

ಅಣಕಿಸಲಿಲ್ಲ. ಪಾಠ ಒಪ್ಪಿಸುವಂತೆ ಚಪ್ಪಟೆಯಾಗಿ ಹೇಳಿದಳು. ಹಾಗೆ ಹೇಳಿದಾಗ ಆ ಮಾತಿನಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಹಿಂದಿನ ವರ್ಷ ಅವರ ಕಾಲೇಜಿನ ಗ್ಯಾದರಿಂಗಿನಲ್ಲಿ ನಾನು ಮಾಡಿದ ಐಟಮ್ಮನ್ನು ಯಾರೋ ವಿಡಿಯೋ ಮಾಡಿದ್ದರು. ನಾನೇ ಅದನ್ನು ಕೇಳಿ ತರಿಸಿಕೊಂಡು, ನಾನೇ ಮೊಬೈಲಿನಿಂದ ಹತ್ತಾರು ಗ್ರೂಪುಗಳಿಗೆ ಹಾಕಿದ್ದೆ, ಸಾಧ್ಯವಾದಷ್ಟು ಜನಕ್ಕೆ ಶೇರ್ ಮಾಡಿ ಎಂದು ಕೈ ಮುಗಿಯುವ ಚಿತ್ರ ಬೇರೆ ಅಂಟಿಸಿದ್ದೆ. ಜನ ಮಾತು ಕೇಳಿದ್ದರು.

ಅಲ್ಲೇ ಕೂತು ವಿಡಿಯೋ ಅಳಿಸಿದೆ. ತಂಗಿ ನೋಡುತ್ತಿದ್ದಳು. ‘ನಿನ್ ಮೊಬೈಲಿಂದ ಹೋತು’ ಎಂದಳು.

ಶಿರಸಿಗೆ ಮರಳಿದ ವಾರ ಪ್ರೆಸ್ಸಿಗೆ ಸಿದ್ದಾಪುರದ ಅಕ್ಕೋರು ಬಂದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರು ಊರಿಗೆಲ್ಲ ಅಕ್ಕೋರೇ. ಇವರು ನಿವೃತ್ತರಾದ ಮೇಲೂ ಅಕ್ಕೋರು. ಹೈಸ್ಕೂಲು, ಪಿಯುಸಿ ಮಕ್ಕಳಿಗಾಗಿ ಅವರು ಪುಟ್ಟ ಪುಟ್ಟ ಪುಸ್ತಕ ಮಾಡಿಸುತ್ತಿದ್ದರು. ಹಳೆಯ ಕಾದಂಬರಿಗಳನ್ನು ಅವುಗಳಲ್ಲೇ ಮೂಲೆಯಲ್ಲಿ ನಿಂತ ಯಾರಾದರೊಬ್ಬರ ಕಡೆಯಿಂದ ಮತ್ತೆ ಹೇಳಿಸುವುದು. ಮಡಿ ಹೆಂಗಸಿನ ಕಡೆಯಿಂದ ಒಂದು ಬಂದಿತ್ತು, ದನ ಕಾಯುವವನ ಕಡೆಯಿಂದ ಒಂದು. ಅಕ್ಷರ ಜೋಡಿಸುವವನು ನಾನು. ಅಕ್ಕೋರನ್ನು ಅಣಕಿಸುವುದು ಸುಲಭ: ಪ್ರತಿ ವಾಕ್ಯಕ್ಕೂ ಮುಂಚೆ ಉಸಿರೆಳೆದು ‘ಅಲ್ಲಾ’ ಎನ್ನಬೇಕು, ಕನ್ನಡಕದ ಮೇಲಿಂದ ನೋಡಬೇಕು.

ನಾನು ಆ ಕಟ್ಟಿಗೆ ಹೊತ್ತವಳ ವಿಷಯ ಹೇಳಿದೆ. ತಂಗಿಯದ್ದನ್ನೂ ಹೇಳಿದೆ. ವಿಡಿಯೋ ವಿಷಯ ಹೇಳಲಿಲ್ಲ.

ಅಕ್ಕೋರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಮನಸ್ಸು ಕಲಕಿದರೆ ಅವರು ಮನೆಮಾತಿಗೆ ಜಾರುತ್ತಾರೆ. ‘ಅಲ್ಲಾ, ಇಷ್ಟು ವರ್ಷ ಆನು ಆ ಪುಸ್ತಕ ಪಾಠ ಮಾಡಿದ್ದಿ. ಆ ಹೆಂಗಸಿನ ಬಗ್ಗೆ ಒಂದು ಸಲನೂ ಯೋಚ್ನೆ ಮಾಡಿದ್ನಿಲ್ಲೆ.’ ಆಮೇಲೆ ನನ್ನತ್ತ ಬೆರಳು ತೋರಿಸಿ, ‘ನೀನೇ ಬರೆ ಮಾರಾಯ. ಎಲ್ಲರ ದನಿ ತೆಗೀತೆ, ಅವಳದ್ದು ಬರೂದಿಲ್ವಾ?’

ಸಾಹೇಬರು ಮೆಷಿನ್ ಹಿಂದಿನಿಂದ, ‘ಬರೀಲಿ ಅಕ್ಕೋರೆ. ಬರೆಯೂವಾಗಾದ್ರೂ ಬಾಯಿ ಬಂದ್ ಇರ್ತದೆ’ ಎಂದರು.

ಹತ್ತು ದಿನದಲ್ಲಿ ಬರೆದೆ. ಕಟ್ಟಿಗೆಯವಳಿಗೆ ಚುರುಕು ಬಾಯಿ ಕೊಟ್ಟೆ. ಮಗು ಕಿರುಚಿದಾಗ ಅವಳು ಎದುರುತ್ತರ ಕೊಡುತ್ತಾಳೆ, ಯಜಮಾನನನ್ನು ಮುಸುಡಿ ತಿರುಗುವಂತೆ ಛೇಡಿಸುತ್ತಾಳೆ, ಅಡುಗೆಯವನಿಗೆ ಬೈಯುತ್ತಾಳೆ. ಬರೆಯುತ್ತ ನಾನೇ ನಕ್ಕೆ. ಪ್ರಿಂಟ್ ತೆಗೆದುಕೊಂಡು ಇಡಗುಂದಿಗೆ ಹೋದೆ. ತಂಗಿ ಅದನ್ನು ಓದಿದ ಮೇಲೆ ಕಾಲೇಜಿಗೆ ಹೋಗಿಯೇ ಹೋಗುತ್ತಾಳೆ ಎಂದು ನನಗೆ ಅಷ್ಟು ಧೈರ್ಯ. ಪರೀಕ್ಷೆಯ ಫಾರ್ಮ್ ತುಂಬಲು ಇನ್ನೂ ಸಮಯವಿತ್ತು, ಈಗ ಹೋಗಿ ಕೂತರೆ ಹಾಜರಿಯನ್ನು ಹೇಗೋ ಸರಿ ಮಾಡುತ್ತೇವೆ ಎಂದು ಕಾಲೇಜಿನವರು ಚಿಕ್ಕಮ್ಮನಿಗೆ ಹೇಳಿದ್ದರು.

ತಂಗಿ ಪೂರ್ತಿ ಓದಿದಳು. ಹಾಳೆಗಳನ್ನು ಜೋಡಿಸಿ ಮೊಣಕಾಲ ಮೇಲಿಟ್ಟಳು.

‘ಇದು ಅದೇ ಮುದುಕ.’

‘ಯಾವ ಮುದುಕ?’

‘ಬಸ್ಸಿಂದು. ಸೀರೆ ಉಡ್ಸಿದ್ಯ.’

ನಾನು ವಾದ ಮಾಡಿದೆ. ಇವಳು ಧೈರ್ಯದವಳು, ಆ ಮುದುಕ ಹೆದರುಪುಕ್ಕಲ, ಹೇಗೆ ಒಂದೇ ಆಗುತ್ತದೆ ಎಂದೆ.

‘ಅಣ್ಣಾ, ಆ ಕಾದಂಬರಿಲಿ ಯಜಮಾನ ಮನಸ್ನಲ್ಲಿ ಎಂತಾ ಚಂದ ಕನ್ನಡ ಮಾತಾಡ್ತಾನೆ. ಪುಸ್ತಕದ ಕನ್ನಡ. ಹೊರಗೆ ಮಾತಾಡೂವಾಗ ಅವನೂ ಹಿಂಗೇ ಅಲ್ವಾ, ಎಂತ, ಏನು, ಅಂತ? ನೀ ಇವ್ಳಿಗೆ ಮನಸ್ಸಲ್ಲೂ ಒಡಕು ಮಾತೇ ಇಟ್ಟಿದ್ಯ. ನಮ್ಮೋರು ಒಬ್ರೇ ಇದ್ದಾಗ್ಲೂ ಹಿಂಗೇ ಯೋಚ್ನೆ ಮಾಡ್ತ್ರು ಅಂದ್ಕಂಡ್ಯಾ? ಯಾರು ನಗೂಕೆ?’

‘ಹಂಗಾದ್ರೆ ಮಗು ಕಿರುಚಿದಾಗ ಅವಳು ಎಂತ ಮಾಡ್ಬೇಕಿತ್ತು?’ ಎಂದೆ. ಸೋತವನ ಸಿಟ್ಟಿನಲ್ಲಿ ಕೇಳಿದ್ದು.

ಅವಳು ಹಾಳೆಗಳ ಅಂಚನ್ನು ಮತ್ತೊಮ್ಮೆ ಸರಿ ಮಾಡಿದಳು. ಆಮೇಲೆ ಹೇಳಿದಳು. ‘ಅವತ್ತು ಕ್ಲಾಸಲ್ಲಿ ಎಲ್ಲ ತಿರುಗಿ ನೋಡಿದ್ರಲ್ಲಾ, ನಾನೂ ತಿರುಗಿ ನೋಡ್ದೆ. ನನ್ನ ಹಿಂದೆ ಯಾರ್ನೋ ನೋಡ್ತಿದ್ರು ಅಂದ್ಕಂಡೆ. ಹಿಂದೆ ಗೋಡೆ. ಅದಕ್ಕೂ ಎಲ್ಲ ನಕ್ರು.’ ಹಾಳೆಗಳನ್ನು ನನ್ನ ಕೈಗೆ ಕೊಟ್ಟಳು. ‘ಇದನ್ನ ನಿಂಗೆ ಹೇಳಿದ್ದು ಅಷ್ಟೇ. ಅಮ್ಮಂಗೂ ಹೇಳ್ಲಿಲ್ಲ. ಪುಸ್ತಕದಲ್ಲಿ ಹಾಕ್ಬೇಡ. ಹಾಕೂದಿಲ್ಲ ಅಂದ್ರೆ ನಾ ಸೋಮವಾರದಿಂದ ಹೋಗ್ತೆ.’

‘ಹಾಕೂದಿಲ್ಲ’ ಎಂದೆ.

‘ನಿನ್ ದನಿಲೇ ಹೇಳು.’

‘ಹಾಕೂದಿಲ್ಲ ಮಾರಾಯ್ತಿ.’

ಅವಳು ಸೋಮವಾರ ಹೋದಳು. ಹಿಂದಿನ ಬೆಂಚಿನವರು ಹೊಸ ಆಟ ಕಂಡುಕೊಂಡಿದ್ದರಂತೆ, ಕರಡಿಯನ್ನು ಮರೆತಿದ್ದರಂತೆ. ಚಿಕ್ಕಮ್ಮ ಫೋನಿನಲ್ಲಿ ನನ್ನನ್ನು ಹರಸಿದ ರೀತಿಯನ್ನು ನಾನು ಈವರೆಗೂ ಯಾರಿಗೂ ಮಾಡಿ ತೋರಿಸಿಲ್ಲ.

ನಾನು ಎರಡನೇ ಸಲ ಬರೆಯಲು ಕೂತೆ. ಈ ಬಾರಿ ಕಟ್ಟಿಗೆಯವಳ ಮನಸ್ಸಿಗೆ ಯಜಮಾನನಿಗೆ ಇದ್ದಂಥದೇ ಕನ್ನಡ ಕೊಟ್ಟೆ. ತಂಗಿ ಹೇಳಿದ್ದು ಸರಿಯಾಗಿತ್ತು. ಭಾಷೆ ಬದಲಾದದ್ದೇ ಹೆಂಗಸು ನೆಟ್ಟಗೆ ನಿಂತಳು. ಅವಳಿಗೆ ಕಾಡಿನ ದಾರಿ ಗೊತ್ತಿತ್ತು, ಮನೆಯ ಪ್ರತಿಯೊಬ್ಬರ ಹೆಜ್ಜೆಯ ಸದ್ದು ಗೊತ್ತಿತ್ತು, ಯಜಮಾನ ಒಳ್ಳೆಯವನೆಂಬುದೂ ಗೊತ್ತಿತ್ತು, ಆ ಒಳ್ಳೆಯತನ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದೂ. ಪುಟಗಳು ತಾವೇ ಸಾಗಿದವು. ಅಂಗಳಕ್ಕೆ ಬಂದವು. ಮಗು ಕಿರುಚಿತು. ಅಲ್ಲಿ ನಿಂತೆ.

ಒಂದು ವಾರ ಏನೇನೋ ಬರೆದು ಹೊಡೆದುಹಾಕಿದೆ. ಅತ್ತಳು ಎಂದು ಬರೆದೆ, ಸುಳ್ಳೆನಿಸಿತು. ನಕ್ಕಳು ಎಂದೆ, ಅದು ಇನ್ನೂ ದೊಡ್ಡ ಸುಳ್ಳು. ಅಕ್ಕೋರು ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದರು. ಒಂದು ಮಧ್ಯಾಹ್ನ, ಸಾಹೇಬರು ನಮಾಜಿಗೆ ಹೋದ ಹೊತ್ತಿನಲ್ಲಿ, ಬರೆದೆ: ಮಗು ಕಿರುಚಿದ್ದೇ ತನ್ನ ಹಿಂದೆ ಹಾವೋ ಹುಲಿಯೋ ಬಂದಿದೆ ಎಂದುಕೊಂಡು ಅವಳು ಹೊರೆಯ ಸಮೇತ ತಿರುಗಿ ನೋಡಿದಳು. ಹಿಂದೆ ಬೇಲಿ ಬಿಟ್ಟರೆ ಏನೂ ಇರಲಿಲ್ಲ.

ಸುಳ್ಳು ಹೇಳುವುದಿಲ್ಲ, ಅದನ್ನು ಬರೆದಾಗ ಖುಷಿಯಾಯಿತು. ಯಾರದ್ದಾದರೂ ದನಿ ಮೊದಲ ಸಲ ಸರಿಯಾಗಿ ಗಂಟಲಿಗೆ ಕೂತಾಗ ಆಗುವಂಥದೇ ಖುಷಿ. ಗೋಡೆಯನ್ನು ಬೇಲಿ ಮಾಡಿದ್ದೇನಲ್ಲ, ಕ್ಲಾಸನ್ನು ಅಂಗಳ ಮಾಡಿದ್ದೇನಲ್ಲ, ಯಾರಿಗೆ ತಿಳಿಯುತ್ತದೆ ಎಂದುಕೊಂಡೆ. ಒಬ್ಬರ ನಡಿಗೆಯನ್ನು ಇನ್ನೊಬ್ಬರ ದನಿಗೆ ಜೋಡಿಸಿ ಯಾರಿಗೂ ಪತ್ತೆಯಾಗದಂತೆ ಮಾಡುವುದು ಮಿಮಿಕ್ರಿಯವರ ದಿನನಿತ್ಯದ ಕೆಲಸ. ಅಕ್ಕೋರು ಓದಿ, ‘ಈ ಒಂದು ಪುಟಕ್ಕೇ ಪುಸ್ತಕ ಮಾಡ್ಲಕ್ಕು’ ಎಂದರು. ಅವರ ಕಣ್ಣು ತುಂಬಿತ್ತು. ಇದು ಎಲ್ಲಿಂದ ಹೊಳೆಯಿತು ಎಂದು ಕೇಳಿದರು. ನಾನು ಅವರದೇ ದನಿಯಲ್ಲಿ, ‘ಅಲ್ಲಾ, ಹಂಗೇ ಹೊಳೀತು’ ಎಂದೆ. ನಕ್ಕರು. ತಪ್ಪಿಸಿಕೊಳ್ಳಲು ನನಗೆ ಯಾವಾಗಲೂ ಅಷ್ಟೇ ಬೇಕಾಗುತ್ತದೆ.

ಪುಸ್ತಕ ಬಂತು. ಅಕ್ಕೋರು ಮೂರು ತಾಲೂಕಿನ ಕಾಲೇಜುಗಳಿಗೆ ಕಳಿಸಿದರು. ತಂಗಿಯ ಕಾಲೇಜಿಗೆ ಕಳಿಸಬೇಡಿ ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ಕಾರಣ ಕೇಳುತ್ತಾರಲ್ಲ ಎಂದು ಮುಚ್ಚಿದೆ.

ಕನ್ನಡದ ಸರ್ ಕೆಟ್ಟವರಲ್ಲ. ಆ ದಿನದ ಸಂಗತಿ ಅವರಿಗೂ ಚುಚ್ಚುತ್ತಿತ್ತೋ ಏನೋ, ಪುಸ್ತಕ ಕೈಗೆ ಬಂದದ್ದೇ ಅದೇ ತರಗತಿಯಲ್ಲಿ, ಅದೇ ಬೆಂಚಿನ ಕ್ರಮದಲ್ಲಿ ಓದಿಸಿದರು. ಬರೆದವನು ಯಾರ ಅಣ್ಣ ಎಂದು ಹೆಮ್ಮೆಯಿಂದ ಹೇಳಿದರಂತೆ. ಬೇಲಿಯ ಸಾಲು ಬಂತು. ಅವತ್ತು ತಂಗಿ ತಿರುಗಿ ಗೋಡೆ ನೋಡಿದ್ದನ್ನು ಕಂಡು ನಕ್ಕವರು ಇವರೇ ತಾನೆ? ಮರೆತಿರಲಿಲ್ಲ. ಇಡೀ ತರಗತಿ ಮತ್ತೆ ಅವಳ ಕಡೆ ತಿರುಗಿತು.

ಈ ಸಲ ಯಾರೂ ನಗಲಿಲ್ಲ. ಮುಂದಿನ ಬೆಂಚಿನವಳು ಅತ್ತಳಂತೆ. ಹಿಂದಿನ ಬೆಂಚಿನಲ್ಲಿ ಒಬ್ಬ ಎದ್ದು ನಿಂತು ಕ್ಷಮೆ ಕೇಳಿದನಂತೆ. ತಂಗಿ ಚೀಲ ತೆಗೆದುಕೊಂಡು ಹೊರಗೆ ಬಂದಳು.

ವಿಷಯ ತಿಳಿದು ನಾನು ಇಡಗುಂದಿಗೆ ಓಡಿದೆ. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಹಿತ್ತಲಲ್ಲಿ ಬಟ್ಟೆ ಹಿಂಡುತ್ತ, ತಗ್ಗಿದ ದನಿಯಲ್ಲೇ ಹೇಳಿದಳು. ‘ನಕ್ಕಿದ್ರೆ ಜಗಳ ಆಡ್ತಿದ್ದೆ ಅಣ್ಣಾ. ಕಣ್ಣಲ್ಲಿ ನೀರು ತುಂಬ್ಕಂಡು ನೋಡಿದ್ರೆ ನಾ ಎಂತ ಮಾಡೂದು? ದಿನಾ ಆ ಮುಖಗಳ ಮುಂದೆ ಹೋಗಿ ಕೂರೂದು ಹೆಂಗೆ?’

‘ತಪ್ಪಾತು. ಬೇರೆ ಎಂತದೂ ಹೊಳೀಲಿಲ್ಲ.’

‘ಹೊಳೀದಿದ್ರೆ ಖಾಲಿ ಬಿಡ್ಬೇಕಿತ್ತು. ಅವರು ಬಿಟ್ಟಿದ್ರಲ್ಲಾ.’

ಹಳೆಯ ಕಾದಂಬರಿಯನ್ನು ಬರೆದವರ ಮೇಲೆ ಅವಳಿಗೆ ನನ್ನ ಮೇಲಿದ್ದಷ್ಟು ಸಿಟ್ಟಿರಲಿಲ್ಲ ಎಂದು ನನಗೆ ಅವತ್ತು ಗೊತ್ತಾಯಿತು.

ಅಕ್ಕೋರು ಸಿದ್ದಾಪುರದಿಂದ ಬಂದು ಒಪ್ಪಿಸಲು ನೋಡಿದರು. ಬೇರೆ ಕಾಲೇಜಿಗೆ ಸೇರಿಸುವ ಮಾತಾಡಿದರು, ವರ್ಷದ ನಡುವೆ ಅದು ಆಗಲಿಲ್ಲ. ನಾನು ಫಾರ್ಮ್ ತಂದೆ. ಅವಳು ಹೆಸರು ಕೂಡ ತುಂಬಲಿಲ್ಲ. ಕೊನೆಯ ದಿನ ನಾನು ಕಾಲೇಜಿನ ಆಫೀಸಿನ ಹೊರಗೆ ಬಾಗಿಲು ಹಾಕುವವರೆಗೆ ಕೂತಿದ್ದೆ, ಅವಳು ಬಂದರೂ ಬರಬಹುದೆಂದು. ಗುಮಾಸ್ತರು ನನ್ನನ್ನು ಗುರುತು ಹಿಡಿದು, ‘ಓಹೋ, ಬಸ್ಸಿನ ಮುದುಕ! ಒಂದು ಸಲ ಮಾಡು ಮಾರಾಯ’ ಎಂದರು. ಅದನ್ನು ಬಿಟ್ಟಿದ್ದೇನೆ ಎಂದೆ. ಹೇಳಿದ ರೀತಿಗೇ ಅವರು ನಕ್ಕರು.

ಮುಂದಿನ ತಿಂಗಳು ಅವಳು ಗೋವಾದ ಮಡಗಾಂವಿಗೆ ಹೋದಳು, ಒಂದು ಮನೆಯಲ್ಲಿ ಕೂಸು ನೋಡಿಕೊಳ್ಳುವ ಕೆಲಸಕ್ಕೆ. ನಮ್ಮ ಕೇರಿಯ ಹಲವರು ಹಾಗೆ ಹೋದವರೇ, ಹೊಸದೇನಲ್ಲ. ಇವಳು ಹೋಗದಿರಲಿ ಎಂದೇ ಚಿಕ್ಕಮ್ಮ ಇಷ್ಟು ಓದಿಸಿದ್ದು.

ಪುಸ್ತಕವನ್ನು ಮಕ್ಕಳು ಓದುತ್ತಿದ್ದಾರೆ. ಗುಡ್ನಾಪುರದ ಕಡೆಯ ಒಬ್ಬ ಹುಡುಗ ನನಗೆ ಕಾಗದ ಬರೆದಿದ್ದ, ‘ಸರ್, ಆ ಹೆಂಗಸು ತಿರುಗಿ ನೋಡೂದು ಓದಿ ನನಗೆ ನಿದ್ದೆ ಬರಲಿಲ್ರಿ’ ಎಂದು. ಅಂಥ ಕಾಗದಗಳನ್ನು ನಾನು ಸಾಹೇಬರ ಕಪಾಟಿನಲ್ಲಿ ಇಟ್ಟುಬಿಡುತ್ತೇನೆ. ಸಾಹೇಬರು ಏನೂ ಕೇಳುವುದಿಲ್ಲ. ಒಮ್ಮೆ ಮಾತ್ರ, ‘ಬೇಟಾ, ಮೆಷಿನ್ ಸದ್ದೊಂದೇ ಕೇಳ್ತಾ ಕೂರೂಕೆ ಆಗೂದಿಲ್ಲ. ಒಂದ್ ಸಲ ನನ್ನಾದ್ರೂ ಮಾಡು’ ಎಂದರು. ಪ್ರಯತ್ನಿಸಿದೆ. ಕವಳ ಕೆನ್ನೆಗೆ ಹೋಯಿತು, ದನಿ ಏಳಲಿಲ್ಲ.

ಇದನ್ನು ಬರೆಯುವ ಮೊದಲು ತಂಗಿಗೆ ಫೋನ್ ಮಾಡಿದೆ. ಈ ಬಾರಿ ಮೊದಲೇ ಕೇಳಿದೆ. ಗೋಡೆ, ಕ್ಲಾಸು, ವಿಡಿಯೋ, ನಾನು ಕೊಟ್ಟ ಮಾತು, ಎಲ್ಲವನ್ನೂ ಬರೆಯಬೇಕೆಂದಿದ್ದೇನೆ, ನೀನು ಬೇಡ ಎಂದರೆ ಇಲ್ಲ ಎಂದೆ. ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು. ಅವಳು ಅದನ್ನು ಇಳಿಸಿ ಬಂದಳು.

‘ಬರಿ. ಎಲ್ರಿಗೂ ಹೆಂಗೂ ಗೊತ್ತಾತಲ್ಲಾ. ಆದ್ರೆ ಕೊನೀಗೆ ನಾ ವಾಪಸ್ ಬಂದೆ, ಪರೀಕ್ಷೆ ಬರ್ದೆ ಅಂತೆಲ್ಲ ಬರೀಬೇಡ. ಅಕ್ಕೋರು ಹಂಗೆ ಬರಿ ಅಂತ್ರು, ಕೇಳ್ಬೇಡ.’

‘ಬರೂದಿಲ್ವಾ?’ ಎಂದೆ.

ಒಳಗಿನಿಂದ ಯಾರೋ ಅವಳನ್ನು ಕೊಂಕಣಿಯಲ್ಲಿ ಕರೆದರು. ಆ ಮನೆಯವರು ಅವಳಿಗೆ ಬೇರೆ ಏನೋ ಹೆಸರಿಟ್ಟಿದ್ದರು, ಅವಳನ್ನೇ ಕರೆದದ್ದೆಂದು ನನಗೆ ಮೊದಲು ಗೊತ್ತಾಗಲಿಲ್ಲ. ‘ಕೂಸು ಎದ್ತು’ ಎಂದು ಹೇಳಿ ಫೋನ್ ಇಟ್ಟಳು.